ಟೂರ್ ಜಾಸ್ತಿಯಾಯಿತೋ, ಸಾಲ ಜಾಸ್ತಿಯಾಯಿತೋ?

ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಈಗ ಒಂದು ಹೊಸ ಜಗಳ ಶುರುವಾಗಿದೆ. ಮಗ, ಸೊಸೆ, ಮಕ್ಕಳು ಮುನ್ನಾರಿಗೆ ಹೋಗಿ ಬಂದು ಒಗೆದ ಬಟ್ಟೆ ಒಣಗುವ ಮೊದಲೇ ಮಡಿಕೇರಿಯ ಹೋಂಸ್ಟೇ ಹುಡುಕುತ್ತಿರುತ್ತಾರೆ. "ಮೊನ್ನೆಯಷ್ಟೇ ಹೋಗಿ ಬಂದದ್ದಲ್ವಾ ಮಾರಾಯ? ಕೈಯಲ್ಲಿ ನಾಲ್ಕು ಕಾಸು ಬೇಡವಾ?" ಅಂತ ಅಪ್ಪ. "ನೀವು ಕೂಡಿಟ್ಟು ಕೂಡಿಟ್ಟು ಎಂಥ ನೋಡಿದ್ದೀರಿ ಅಪ್ಪಾ? ಮಂಗಳೂರು ಬಿಟ್ಟರೆ ಧರ್ಮಸ್ಥಳ" ಅಂತ ಮಗ. ಅಮ್ಮ ಇಬ್ಬರ ನಡುವೆ. ಒಳಗೊಳಗೆ ಅವರಿಗೂ ಒಮ್ಮೆ ಕಾಶಿಗೆ ಹೋಗಬೇಕು ಅಂತ ಇದೆ.

ಅಪ್ಪ ಎಣಿಸುವುದು ಟೂರ್ ಎಷ್ಟಾಯಿತು ಅಂತ. ಮಗ ಎಣಿಸುವುದೂ ಅದನ್ನೇ, ಆದರೆ ಅಪ್ಪನ ಕಾಲದ್ದನ್ನು. ನನ್ನ ಪ್ರಕಾರ ಈ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಹೋದರೂ ತೊಂದರೆ ಇಲ್ಲದ ಮನೆಗಳಿವೆ. ಐದು ವರ್ಷಕ್ಕೊಮ್ಮೆ ಹೋಗಿ ಮುಳುಗಿದ ಮನೆಗಳೂ ಇವೆ. ಕೇಳಬೇಕಾದದ್ದು ಬೇರೆ: ಹೋದದ್ದು ಬಂದ ಹಣದಲ್ಲೋ, ಮುಂದೆ ಬರುತ್ತದೆ ಅಂದುಕೊಂಡ ಹಣದಲ್ಲೋ?

ಮೊದಲು ದೇಶದ ಲೆಕ್ಕ ನೋಡೋಣ. ಏಕೆಂದರೆ "ಈಗಿನವರು ಉಳಿಸುವುದಿಲ್ಲ" ಎಂಬ ಮಾತಿಗೆ ಆಧಾರವಾಗಿ ಎಲ್ಲರೂ ತೋರಿಸುವುದು ಅದನ್ನೇ. 2023ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಂಕಿ ಪ್ರಕಾರ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2020-21ರಲ್ಲಿ ಜಿಡಿಪಿಯ ಶೇ. 11.5 ಇದ್ದದ್ದು 2022-23ರಲ್ಲಿ ಶೇ. 5.1ಕ್ಕೆ ಇಳಿಯಿತು. ದಶಕಗಳಲ್ಲೇ ಕಡಿಮೆ. ಸುದ್ದಿಯಾಯಿತು, ಚರ್ಚೆಯಾಯಿತು, ಬೈಗುಳ ಯುವಜನರ ಮೇಲೆ ಬಿತ್ತು. ಆದರೆ 2020-21 ಅಂದರೆ ಕೊರೊನಾ ವರ್ಷ. ಮನೆಯಿಂದ ಹೊರಗೇ ಹೋಗದಿದ್ದಾಗ ಖರ್ಚು ಮಾಡುವುದಾದರೂ ಎಲ್ಲಿ? ಹಾಗಾಗಿ ಆ ವರ್ಷದ ಜೊತೆ ಹೋಲಿಸುವುದೇ ಸರಿಯಲ್ಲ.

'ನಿವ್ವಳ' ಅಂದರೆ ಉಳಿಸಿದ್ದರಲ್ಲಿ ಹೊಸ ಸಾಲ ಕಳೆದದ್ದು. ಕುಟುಂಬಗಳ ವಾರ್ಷಿಕ ಸಾಲ 2021-22ರಲ್ಲಿ ಜಿಡಿಪಿಯ ಶೇ. 3.8 ಇದ್ದದ್ದು 2022-23ರಲ್ಲಿ 5.8ಕ್ಕೆ ಏರಿತು. ಜನ ಮನೆ ಕಟ್ಟಲು, ವಾಹನ ಕೊಳ್ಳಲು ಸಾಲ ಮಾಡುತ್ತಿದ್ದಾರೆ, ಇದೇನು ಸಂಕಟದ ಲಕ್ಷಣ ಅಲ್ಲ ಎಂದು ಹಣಕಾಸು ಸಚಿವಾಲಯ ಆಗ ಸಮಜಾಯಿಷಿ ಕೊಟ್ಟಿತು. ಇನ್ನೊಂದು ವಿಷಯ, ಈ ಲೆಕ್ಕದಲ್ಲಿ ಚಿನ್ನ ಇಲ್ಲ, ಜಾಗ ಇಲ್ಲ. ನಮ್ಮ ಕಡೆಯ ಜನ ಹಣ ಹಾಕುವುದೇ ಈ ಎರಡರಲ್ಲಿ.

ಹಾಗಾದರೆ ಪ್ರವಾಸದ ಪಾಲೆಷ್ಟು? ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿಕೊಟ್ಟ ಎಲ್‌ಆರ್‌ಎಸ್ ಎಂಬ ವ್ಯವಸ್ಥೆಯಡಿ ಭಾರತೀಯರು 2023-24ರಲ್ಲಿ ಹೊರದೇಶಕ್ಕೆ ಕಳಿಸಿದ್ದು 31.7 ಶತಕೋಟಿ ಡಾಲರ್. ಅದರಲ್ಲಿ ಪ್ರವಾಸಕ್ಕೆ ಅಂತ ಹೋದದ್ದು ಸುಮಾರು 17 ಶತಕೋಟಿ, ಅಂದರೆ ಅರ್ಧಕ್ಕಿಂತ ಜಾಸ್ತಿ. ಕೇಳಿದರೆ ದೊಡ್ಡ ಮೊತ್ತವೇ. ಆದರೆ ಜಿಡಿಪಿಗೆ ಹೋಲಿಸಿದರೆ ಅದು ಶೇ. ಅರ್ಧವೂ ಆಗುವುದಿಲ್ಲ. ದೇಶದೊಳಗಿನ ತಿರುಗಾಟ ಇದರಲ್ಲಿ ಸೇರಿಲ್ಲ ನಿಜ. ಹಾಗಿದ್ದರೂ ಉಳಿತಾಯ ಕುಸಿದದ್ದು ಬ್ಯಾಂಕಾಕ್ ಟೂರ್‌ನಿಂದ ಅಂತ ಹೇಳುವುದಕ್ಕೆ ಈ ಅಂಕಿಗಳು ಒಪ್ಪುವುದಿಲ್ಲ.

ದೇಶದ ಮಾತು ಬಿಟ್ಟು ನಮ್ಮ ಊರಿನ ಮನೆಗಳನ್ನೇ ನೋಡಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾರ ಮನೆಯ ಗಂಟು ಕರಗಿದ್ದು ಯಾವುದರಲ್ಲಿ? ಮನೆ, ಮದುವೆ, ಕಾರು. ಇದೇ ಕ್ರಮದಲ್ಲಿ. 2025ರ ಏಪ್ರಿಲ್‌ನಲ್ಲಿ ಚಿನ್ನ ಮೊದಲ ಸಲ 10 ಗ್ರಾಂಗೆ 1 ಲಕ್ಷ ರೂಪಾಯಿ ಮುಟ್ಟಿತು. ಆ ದರದಲ್ಲಿ ಮಗಳಿಗೆ 20 ಪವನ್ ಹಾಕಿದರೆ 160 ಗ್ರಾಂ, 16 ಲಕ್ಷ. ಮಜೂರಿ, ಜಿಎಸ್‌ಟಿ ಬೇರೆ. ನಾಲ್ಕು ಜನ ಮುನ್ನಾರಿಗೆ ಹೋಗಿ ಎರಡು ರಾತ್ರಿ ಉಳಿದು ಬರಲು 25,000 ಹಿಡಿದರೂ ಅದು 64 ಟೂರ್ ಆಯಿತು! ವರ್ಷಕ್ಕೆ ಎರಡು ಸಲ ಹೋದರೆ 32 ವರ್ಷ.

ಚಿನ್ನ ಉಳಿಯುತ್ತದೆ, ಟೂರ್ ಉಳಿಯುತ್ತದಾ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಚಿನ್ನ ಆಸ್ತಿ, ಬೆಲೆಯೂ ಏರಿದೆ. ಕಷ್ಟಕ್ಕೆ ಅಡವು ಇಡಬಹುದು. ಆದರೆ ಮದುವೆಯ ಹಾಲ್, ಊಟ, ಸ್ಟೇಜು, ವಿಡಿಯೋ, ಹಿಂದಿನ ದಿನದ ಮೆಹೆಂದಿ, ಇವು ಯಾವುವೂ ಉಳಿಯುವುದಿಲ್ಲ. ಅವಕ್ಕೆ ಯಾರೂ "ಜಾಸ್ತಿಯಾಯಿತು" ಅನ್ನುವುದಿಲ್ಲ. ಊರಿಗೆ ಊಟ ಹಾಕಿದ ಖರ್ಚಿಗೆ ಮರ್ಯಾದೆ ಇದೆ, ಹೆಂಡತಿ ಮಕ್ಕಳನ್ನು ಕರಕೊಂಡು ಹೋದ ಖರ್ಚಿಗೆ ಇಲ್ಲ. ಇದು ಹಣದ ವಿಷಯವೇ ಅಲ್ಲ, ಯಾರಿಗಾಗಿ ಖರ್ಚು ಮಾಡಿದೆವು ಎಂಬ ವಿಷಯ.

ಹಾಗಂತ ಮಗನ ಪಕ್ಷವನ್ನು ಪೂರ್ತಿ ವಹಿಸಲಿಕ್ಕೂ ಆಗುವುದಿಲ್ಲ. ಅವನ ತಲೆಮಾರಿನ ಟೂರ್ ಬದಲಾದದ್ದು ಸಂಖ್ಯೆಯಲ್ಲಿ ಮಾತ್ರ ಅಲ್ಲ, ಹಣ ಕೊಡುವ ಕ್ರಮದಲ್ಲೂ. ಮೊದಲು ಟೂರ್ ಅಂದರೆ ಹಣ ಒಟ್ಟು ಮಾಡಿ ಹೋಗುವುದು. ಈಗ ಟ್ರಾವೆಲ್ ಆಪ್ ತೆರೆದರೆ ಹೋಟೆಲ್ ಬೆಲೆಯ ಪಕ್ಕದಲ್ಲೇ ತಿಂಗಳ ಕಂತು ಕಾಣುತ್ತದೆ. "ಈಗ ಹೋಗಿ, ಆಮೇಲೆ ಕೊಡಿ." ಒಂದು ಲಕ್ಷದ ಕಾಶ್ಮೀರ ಪ್ಯಾಕೇಜು ಒಂದು ಲಕ್ಷ ಅಂತ ಅನಿಸುವುದೇ ಇಲ್ಲ, ಒಂಬತ್ತು ಸಾವಿರ ಅಂತ ಅನಿಸುತ್ತದೆ. ಮೋಸ ಇರುವುದು ಇಲ್ಲಿ.

ಲೆಕ್ಕ ಹಾಕಿ ನೋಡಿ. 1 ಲಕ್ಷ ರೂಪಾಯಿ ಪರ್ಸನಲ್ ಲೋನ್, ಬಡ್ಡಿ ವರ್ಷಕ್ಕೆ ಶೇ. 14, ಒಂದು ವರ್ಷದ ಅವಧಿ. ತಿಂಗಳ ಕಂತು ಸುಮಾರು 8,979 ರೂ. ಒಟ್ಟು ಕಟ್ಟುವುದು 1,07,745. ಪ್ರೊಸೆಸಿಂಗ್ ಫೀಸು ಅಂತ ಮತ್ತೆ ಒಂದೆರಡು ಸಾವಿರ. ಈಗ ಇದನ್ನೇ ತಿರುಗಿಸಿ. ಅದೇ ಪ್ರವಾಸವನ್ನು ಒಂದು ವರ್ಷ ಮುಂದೆ ಹಾಕಿ ಶೇ. 6.5 ಬಡ್ಡಿಯ ಆರ್‌ಡಿಯಲ್ಲಿ ತಿಂಗಳಿಗೆ ಎಂಟು ಸಾವಿರ ಚಿಲ್ಲರೆ ಕಟ್ಟಿದರೆ, ಕೈಯಿಂದ ಹೋಗುವುದು ಸುಮಾರು 96,500. ಎರಡರ ನಡುವೆ 11,000 ರೂಪಾಯಿಯ ವ್ಯತ್ಯಾಸ. ಮಡಿಕೇರಿಗೆ ಇನ್ನೊಂದು ಸಲ ಹೋಗಿ ಬರುವಷ್ಟು ದುಡ್ಡು ಬಡ್ಡಿಗೆ ಹೋಯಿತು. ಹೋದದ್ದು ಅದೇ ಕಾಶ್ಮೀರ, ನೋಡಿದ್ದು ಅದೇ ದಾಲ್ ಸರೋವರ.

ಕ್ರೆಡಿಟ್ ಕಾರ್ಡಿನದ್ದು ಇನ್ನೂ ಬೇರೆಯೇ ಕತೆ. ಬಿಲ್ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಕಟ್ಟದೆ 1 ಲಕ್ಷ ಬಾಕಿ ಉಳಿಸಿದರೆ, ತಿಂಗಳಿಗೆ ಶೇ. 3.5ರಂತೆ 3,500 ಬಡ್ಡಿ, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 4,130 ರೂ. ಒಂದೇ ತಿಂಗಳಿಗೆ. 'ಮಿನಿಮಮ್ ಡ್ಯೂ', ಅಂದರೆ ಬಿಲ್ಲಿನಲ್ಲಿ ಹೇಳಿದ ಕನಿಷ್ಠ ಮೊತ್ತ ಮಾತ್ರ ಕಟ್ಟಿಕೊಂಡು ಹೋಗುವವರಿಗೆ ಅಸಲು ಇಳಿದದ್ದೇ ಕಾಣುವುದಿಲ್ಲ. 'ನೋ ಕಾಸ್ಟ್ ಇಎಂಐ' ಅನ್ನುವುದನ್ನಂತೂ ಸುಮ್ನೆ ನಂಬಬಾರದು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲಿಯೋ ಇರುತ್ತದೆ. ಒಂದೋ ಪ್ಯಾಕೇಜಿನ ಬೆಲೆಯಲ್ಲಿ, ಇಲ್ಲವೋ ಸಿಗಬೇಕಾಗಿದ್ದ ಡಿಸ್ಕೌಂಟು ಸಿಗದೆ ಹೋದದ್ದರಲ್ಲಿ. ಅಡವಿಲ್ಲದ ಗ್ರಾಹಕ ಸಾಲ ವಿಪರೀತ ಬೆಳೆಯುತ್ತಿದೆ ಅಂತ ಕಂಡು 2023ರ ನವೆಂಬರ್‌ನಲ್ಲಿ ಅದೇ ಬ್ಯಾಂಕ್ ಅಂಥ ಸಾಲಗಳ ರಿಸ್ಕ್ ತೂಕವನ್ನು ಶೇ. 100ರಿಂದ 125ಕ್ಕೆ ಏರಿಸಿತು. ಅಂದರೆ ಅಂಥ ಸಾಲ ಕೊಡುವ ಬ್ಯಾಂಕು ಹೆಚ್ಚು ಬಂಡವಾಳ ಬದಿಗಿಡಬೇಕು.

ಇಲ್ಲಿ ನಮ್ಮ ಹಳ್ಳಿಯ ಹೆಂಗಸರು ಆಪ್‌ಗಳಿಗಿಂತ ಜಾಣರು ಅಂತ ನನಗೆ ಅನಿಸುವುದು. ಕುಟುಂಬಶ್ರೀ ಗುಂಪುಗಳು ಟೂರ್ ಹೋಗುವುದನ್ನು ನೋಡಿ. 1998ರಲ್ಲಿ ಕೇರಳ ಸರಕಾರ ಶುರು ಮಾಡಿದ ಈ ಯೋಜನೆಯ ಅಡಿಪಾಯವೇ ವಾರ ವಾರದ ಸಣ್ಣ ಉಳಿತಾಯ. ಟೂರ್‌ಗೆ ಅಂತ ಬೇರೆ ಹಣ ಸೇರಿಸಿ, ಬಸ್ಸು ಮಾಡಿ, ಬೆಳಗಿನ ಜಾವ ಹೊರಟು ರಾತ್ರಿ ಬರುತ್ತಾರೆ. ಬಂದ ಮೇಲೆ ಕಟ್ಟಲಿಕ್ಕೆ ಏನೂ ಬಾಕಿ ಇಲ್ಲ. ಕೇರಳ ಸರಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇಯಲ್ಲಿ ಚಿಟ್ಟಿ (ಚೀಟಿ) ಕಟ್ಟಿ, ಎತ್ತಿದ ಹಣದಲ್ಲಿ ಒಂದು ಪಾಲು ಪ್ರವಾಸಕ್ಕೆ ಇಡುವವರೂ ಇದ್ದಾರೆ. ಚಿಟ್ಟಿಯಲ್ಲಿ ಮೊದಮೊದಲೇ ತಗ್ಗಿಸಿ ಎತ್ತಿದರೆ ಅದೂ ಒಂದು ಥರದ ಸಾಲವೇ ಆಗುತ್ತದೆ, ಮುಂದೆ ಕಂತು ಕಟ್ಟಲೇಬೇಕು. ಕೊನೆಯವರೆಗೆ ಕಾದವರಿಗೆ ಅದು ಉಳಿತಾಯ.

ಖರ್ಚು ಕಡಿಮೆ ಮಾಡಿಕೊಂಡು ಹೋಗಲು ಈಗ ದಾರಿ ಇಲ್ಲ ಅಂತಲೂ ಇಲ್ಲ. ಕೇರಳದ ಕೆಎಸ್‌ಆರ್‌ಟಿಸಿ 2021ರಿಂದ ಬಜೆಟ್ ಟೂರಿಸಂ ಅಂತ ಶುರು ಮಾಡಿ ಗವಿ, ಮುನ್ನಾರ್, ವಯನಾಡಿಗೆಲ್ಲ ಜನರನ್ನು ಕರಕೊಂಡು ಹೋಗುತ್ತಿದೆ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಗಡಿಯಾಚೆ ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳಲ್ಲಿ ಹೆಂಗಸರದ್ದೇ ರಾಜ್ಯ. ಆದರೆ ಕನ್ನಡ ಮಾತಾಡಿದರೂ ಆಧಾರ್‌ನಲ್ಲಿ ಕೇರಳದ ವಿಳಾಸ ಇರುವ ನಮ್ಮ ಅಕ್ಕಂದಿರಿಗೆ ಅಲ್ಲಿ ಟಿಕೆಟ್ಟೇ ಗತಿ. ಗಡಿನಾಡಿನ ಕನ್ನಡಿಗರ ಪಾಡು ಇಂಥ ಚಿಲ್ಲರೆ ವಿಷಯದಲ್ಲೂ ನೆನಪಾಗುತ್ತದೆ.

ಇನ್ನು ಆದಾಯದ ವಿಷಯ. ಉಳಿತಾಯದ ಬಗ್ಗೆ ಬರೆಯುವವರೆಲ್ಲ 50-30-20 ಅಂತ ಒಂದು ಸೂತ್ರ ಹೇಳುತ್ತಾರೆ. ಸಂಬಳದಲ್ಲಿ ಅರ್ಧ ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ. ಅಮೆರಿಕದಿಂದ ಬಂದ ಲೆಕ್ಕ ಇದು. ತಿಂಗಳ ಒಂದನೇ ತಾರೀಕಿಗೆ ಸಂಬಳ ಬೀಳುವವರಿಗೆ ಹೊಂದುತ್ತದೆ. ಅಡಿಕೆ ತೋಟದವರಿಗೆ ಒಂದನೇ ತಾರೀಕು ಅಂತ ಏನಿದೆ? ಪೆರ್ಲ, ಬದಿಯಡ್ಕದ ಕಡೆ ಹಣ ಬರುವುದು ಕೊಯ್ಲು ಆಗಿ, ಒಣಗಿಸಿ, ಸುಲಿದು ಮಾರಿದಾಗ. ಹೊರಗೆ ಹೋಗುವುದು ಮಾತ್ರ ವರ್ಷಪೂರ್ತಿ. ಗೊಬ್ಬರ, ನೀರು, ಕೂಲಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಿಸಬೇಕು, ಮರ ಹತ್ತುವವರು ಸಿಗಬೇಕು, ಸಿಕ್ಕ ದಿನ ಮಳೆ ಬಿಡಬೇಕು. ಈಗ ಎಲೆಚುಕ್ಕಿ ರೋಗ ಬೇರೆ.

ಇಂಥವರ ಉಳಿತಾಯ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಅದು ಅಟ್ಟದ ಮೇಲೆ ಗೋಣಿಯಲ್ಲಿರುತ್ತದೆ. ಹೊಸ ಅಡಿಕೆಯನ್ನು ಮಾರದೆ ಇಟ್ಟರೆ ಹಳತಾಗಿ ಹೆಚ್ಚು ದರ ಬರುತ್ತದೆ, ಬೇಕಾದಾಗ ಬೇಕಾದಷ್ಟೇ ಮಾರಬಹುದು. ಈ ಗೋಣಿಯೇ ಅವರ ಫಿಕ್ಸೆಡ್ ಡೆಪಾಸಿಟ್. ಆದರೆ ಇದಕ್ಕೆ ಗ್ಯಾರಂಟಿ ಇಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದದ್ದರಿಂದಲೇ 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗೆ ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆ ಹುಟ್ಟಿತು. ದರ ಏರಿದ ವರ್ಷ ಕಾರು ಬುಕ್ ಮಾಡಿ, ದುಬೈ ಟೂರ್ ಮಾಡಿ, ಮರುವರ್ಷ ಕೊಳೆರೋಗಕ್ಕೆ ಅರ್ಧ ಫಸಲು ಉದುರಿದಾಗ ಸೊಸೈಟಿ ಸಾಲಕ್ಕೆ ಓಡುವುದು ಹೊಸ ವಿಷಯವೇನೂ ಅಲ್ಲ. ತೋಟದ ಆದಾಯದವರು ಪ್ರವಾಸದ ಮಟ್ಟವನ್ನು ಒಳ್ಳೆಯ ವರ್ಷ ನೋಡಿ ನಿಗದಿ ಮಾಡಬಾರದು. ಕಳೆದ ನಾಲ್ಕೈದು ವರ್ಷದಲ್ಲಿ ಅತಿ ಕೆಟ್ಟದ್ದು ಯಾವುದಿತ್ತೋ ಅದರ ಆದಾಯವನ್ನು ಹಿಡಿದು ನೋಡಿ. ಅದರಲ್ಲೂ ಎರಡು ದಿನದ ಟೂರ್‌ಗೆ ಜಾಗ ಇತ್ತು ಅಂತಾದರೆ ಧಾರಾಳ ಹೋಗಬಹುದು.

ಗಲ್ಫಿನವರ ಲೆಕ್ಕ ಮತ್ತೂ ವಿಚಿತ್ರ. ಕಾಸರಗೋಡಿನಲ್ಲಿ ಅತಿ ದುಬಾರಿ ರಜೆ ಯಾವುದು ಅಂತ ಕೇಳಿದರೆ ನಾನು ಹೇಳುವುದು ಗಲ್ಫಿನಿಂದ ಊರಿಗೆ ಬರುವ ಲೀವ್. ಅದನ್ನು ಯಾರೂ ಟೂರ್ ಅನ್ನುವುದಿಲ್ಲ. ಅಲ್ಲಿ ಮಕ್ಕಳ ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಪೆರ್ನಾಳು (ಈದ್), ಓಣಂ ಸೇರಿಕೊಂಡರೆ ಮುಗಿಯಿತು, ಮಂಗಳೂರು, ಕಣ್ಣೂರಿನ ವಿಮಾನ ದರ ಎರಡು ಮೂರು ಪಟ್ಟು. ಬಂದ ಮೇಲೆ ಎಲ್ಲರಿಗೂ ಏನಾದರೂ ತರಬೇಕು, ಎಲ್ಲರ ಮನೆಗೂ ಹೋಗಬೇಕು, ಇದ್ದ ಒಂದು ತಿಂಗಳಲ್ಲೇ ಗೃಹಪ್ರವೇಶವೋ ನಿಶ್ಚಿತಾರ್ಥವೋ ಮುಗಿಸಬೇಕು. ಆರು ತಿಂಗಳ ಉಳಿಕೆ ಒಂದು ತಿಂಗಳಲ್ಲಿ ಖಾಲಿ. ಇದಕ್ಕೆ ಏನು ಸಲಹೆ ಕೊಡಲಿ? ಮನೆಗೆ ಬರಬೇಡಿ ಅಂತ ಹೇಳಲಿಕ್ಕೆ ಆಗುತ್ತದಾ? ಶಾಲೆಗೆ ಹೋಗುವ ಮಕ್ಕಳಿಲ್ಲದವರು ಜುಲೈ, ಆಗಸ್ಟ್ ತಪ್ಪಿಸಿ ಬರಬಹುದು, ಅಷ್ಟೇ.

ಇಷ್ಟು ಹೇಳಿದ ಮೇಲೆ ಅಪ್ಪನ ಮಾತಿನಲ್ಲಿ ನಿಜವಾಗಿ ತೂಕ ಇರುವ ಜಾಗಕ್ಕೆ ಬರಬೇಕು. ಅದು ಆಸ್ಪತ್ರೆ. ನಮ್ಮ ಜಿಲ್ಲೆ ಹುಟ್ಟಿದ್ದು 1984ರಲ್ಲಿ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದು ಕಣ್ಣಿಗೆ ಕಾಣುವಷ್ಟು ಮೇಲೇಳಲು ಎಷ್ಟು ವರ್ಷ ಹಿಡಿಯಿತು ಅಂತ ಇಲ್ಲಿನ ಎಲ್ಲರಿಗೂ ಗೊತ್ತು. ಹೃದಯ, ಕಿಡ್ನಿ, ತಲೆಗೆ ಏಟು, ಏನೇ ಆಗಲಿ ಆಂಬುಲೆನ್ಸ್ ತಿರುಗುವುದು ಮಂಗಳೂರಿನ ಕಡೆಗೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಅಪರೂಪದ ಕಾಲ ನಿಜ. ಆದರೆ ಸಾಮಾನ್ಯ ದಿನದಲ್ಲೂ ಮಂಗಳೂರಿನ ಖಾಸಗಿ ಆಸ್ಪತ್ರೆ ಅಂದರೆ ಕೌಂಟರ್‌ನಲ್ಲಿ ಮೊದಲು ಅಡ್ವಾನ್ಸು.

ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಹಾಕುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿದರೂ ಅದು ಸಣ್ಣದಲ್ಲ. ವಯಸ್ಸಾದ ಮೇಲಿನದ್ದನ್ನೂ ಸೇರಿಸಿಕೊಳ್ಳಿ. ಸರಕಾರಿ ನೌಕರಿ ಇಲ್ಲದವರಿಗೆ ಗಟ್ಟಿಯಾಗಿ ಸಿಗುವುದು ಕೇರಳದ ಕ್ಷೇಮ ಪಿಂಚಣಿ, 2025ರ ನವೆಂಬರ್‌ನಿಂದ ತಿಂಗಳಿಗೆ 2,000 ರೂ. ಅದೂ ಅರ್ಹತೆ ಇದ್ದವರಿಗೆ. ಅದರಲ್ಲಿ ಬಿಪಿ, ಶುಗರ್ ಮಾತ್ರೆ ಬಂದರೆ ಪುಣ್ಯ. ಹಾಗಾಗಿ ನನ್ನ ಮಟ್ಟಿಗೆ ಕ್ರಮ ಇಷ್ಟು: ಮೊದಲು ಆರೋಗ್ಯ ವಿಮೆ, ಮಂಗಳೂರಿನ ಆಸ್ಪತ್ರೆಗಳಲ್ಲಿ ನಡೆಯುವಂಥದ್ದು. ಆಮೇಲೆ ಆರು ತಿಂಗಳ ಮನೆಖರ್ಚಿನಷ್ಟು ಹಣ, ಕೂಡಲೇ ತೆಗೆಯಲಿಕ್ಕೆ ಆಗುವ ಜಾಗದಲ್ಲಿ. ತೋಟದವರಿಗೆ ಆರು ಸಾಲದು, ಒಂದು ವರ್ಷದ್ದು ಬೇಕು. ಇವೆರಡೂ ಇಲ್ಲದ ಮನೆಯಲ್ಲಿ ವರ್ಷಕ್ಕೆ ಒಂದು ದೊಡ್ಡ ಟೂರ್ ಕೂಡ ಜಾಸ್ತಿಯೇ.

ಇವೆರಡೂ ಇರುವ ಮನೆಗೆ? ಅಲ್ಲಿಗೂ ಚಕ್ರಬಡ್ಡಿಯ ಕೋಷ್ಟಕ ಹಿಡಿದುಕೊಂಡು ಬರುವವರಿದ್ದಾರೆ. "ವರ್ಷಕ್ಕೆ 60,000 ಟೂರ್‌ಗೆ ಹಾಕುವ ಬದಲು ಶೇ. 7ರಲ್ಲಿ ಇಟ್ಟರೆ 20 ವರ್ಷಕ್ಕೆ ಸುಮಾರು 24.6 ಲಕ್ಷ!" ಲೆಕ್ಕ ತಪ್ಪಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದು. ಬೆಲೆ ಏರಿಕೆ ವರ್ಷಕ್ಕೆ ಶೇ. 5 ಹಿಡಿದರೆ ಆ 24.6 ಲಕ್ಷಕ್ಕೆ ಇಂದಿನ ಬೆಲೆಯಲ್ಲಿ ಸಿಗುವುದು ಒಂಬತ್ತು ಲಕ್ಷ ಚಿಲ್ಲರೆಯ ಸಾಮಾನು. ಬಡ್ಡಿಗೆ ತೆರಿಗೆ ಬಿದ್ದರೆ ಅಷ್ಟೂ ಇಲ್ಲ. ಟೂರ್ ಹೋಗದವರು ಆ 60,000ವನ್ನು ಬ್ಯಾಂಕಲ್ಲೇ ಇಡುತ್ತಾರೆ ಅನ್ನುವುದೂ ಬರೀ ಊಹೆ. ಬಹಳ ಸಲ ಅದು ಹೊಸ ಫೋನಾಗಿ, ದೊಡ್ಡ ಟಿವಿಯಾಗಿ, ಮನೆಯ ಮುಂದಿನ ಇಂಟರ್‌ಲಾಕ್ ಆಗಿ ಮುಗಿಯುತ್ತದೆ. ಒಂಬತ್ತು ಲಕ್ಷವೂ ದೊಡ್ಡ ಹಣವೇ, ಇಲ್ಲ ಅನ್ನುವುದಿಲ್ಲ. 20 ವರ್ಷದ ಪ್ರವಾಸಕ್ಕೆ ಬದಲಾಗಿ ಅದು ಬೇಕೋ ಅನ್ನುವುದನ್ನು ಆ ಮನೆಯವರೇ ಹೇಳಬೇಕು.

ಪದೇ ಪದೇ ಹೋಗುವುದು ಶೋಕಿ, ಅಪರೂಪಕ್ಕೆ ಒಂದು ದೊಡ್ಡದು ಸರಿ ಎಂಬ ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸುಮಾರು 1,500 ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪ್ರವಾಸ ಹೋಗುವವರ ಖುಷಿ ಹೊರಡುವ ಮೊದಲು ಜಾಸ್ತಿ ಇತ್ತು. ಬಂದ ಮೇಲೆ ಬಹುತೇಕರಲ್ಲಿ ಹೋಗದವರಿಗೂ ಅವರಿಗೂ ವ್ಯತ್ಯಾಸವೇ ಇರಲಿಲ್ಲ. ಅಂದರೆ ಎದುರು ನೋಡುವುದರಲ್ಲೇ ಸುಖ. ಹಾಗಿದ್ದರೆ ಒಂದು ಉದ್ದದ ಪ್ರವಾಸಕ್ಕಿಂತ ಎರಡು ಮೂರು ಸಣ್ಣವೇ ಲಾಭ, ಎದುರು ನೋಡುವ ದಿನಗಳು ಜಾಸ್ತಿ ಸಿಗುತ್ತವೆ. ಅಮೆರಿಕದಲ್ಲಿ ಹೃದ್ರೋಗದ ಅಪಾಯ ಇದ್ದ 12,000ಕ್ಕೂ ಹೆಚ್ಚು ಗಂಡಸರನ್ನು ಒಂಬತ್ತು ವರ್ಷ ಗಮನಿಸಿದ ಇನ್ನೊಂದು ಅಧ್ಯಯನ 2000ದಲ್ಲಿ ಬಂತು. ವರ್ಷ ವರ್ಷ ರಜೆ ಹಾಕಿ ಹೋದವರಲ್ಲಿ ಸಾವು ಕಡಿಮೆ ಇತ್ತಂತೆ. ಇದನ್ನು ಸ್ವಲ್ಪ ಹುಷಾರಾಗಿ ಓದಬೇಕು. ರಜೆ ಹಾಕಲು ಆಗುವವರ ಕೈಯಲ್ಲಿ ಹಣವೂ ಮೈಯಲ್ಲಿ ಆರೋಗ್ಯವೂ ಮೊದಲೇ ಇರಬಹುದಲ್ವಾ?

ಸಣ್ಣ ಪ್ರವಾಸಕ್ಕೆ ನಮ್ಮ ಜಾಗವೇ ಚೆಂದ. ರಾಣಿಪುರಂ ಒಂದು ಬೆಳಗ್ಗಿನ ದಾರಿ. ಚೆರ್ಕಳದಿಂದ ಜಾಲ್ಸೂರು, ಸುಳ್ಯ ದಾಟಿದರೆ ಮಡಿಕೇರಿ. ಪಾಣತ್ತೂರು ಕಡೆಯಿಂದ ಭಾಗಮಂಡಲ, ತಲಕಾವೇರಿ. ಬೇಕಲದ ಕೋಟೆ ನೋಡಲು ದೂರದೂರದಿಂದ ಬಂದು ದೊಡ್ಡ ರೆಸಾರ್ಟುಗಳಲ್ಲಿ ಉಳಿಯುವವರು ಕೊಡುವ ಒಂದು ರಾತ್ರಿಯ ಬಾಡಿಗೆಯಲ್ಲಿ ನಮ್ಮವರು ವರ್ಷದ ಇಂಥ ತಿರುಗಾಟವನ್ನೆಲ್ಲ ಮುಗಿಸಬಹುದು.

ದೂರದ ಪ್ರವಾಸ, ಅಮ್ಮನ ಕಾಶಿಯಂಥದ್ದು, ಮುಂದೂಡುವುದರಲ್ಲಿ ಬೇರೆಯೇ ನಷ್ಟ ಇದೆ. ಹಣ ಹತ್ತು ವರ್ಷ ಕಾಯುತ್ತದೆ, ಮೊಣಕಾಲು ಕಾಯುವುದಿಲ್ಲ. 75ನೇ ವಯಸ್ಸಿನಲ್ಲಿ ಗಂಗೆಯ ಮೆಟ್ಟಿಲು ಇಳಿಯಲು ಎರಡು ಲಕ್ಷ ಕೂಡಿಟ್ಟರೂ ಪ್ರಯೋಜನವಿಲ್ಲ. ರೈಲಿನ ಮುಂಗಡ ಬುಕಿಂಗ್ ಈಗ, 2024ರ ನವೆಂಬರ್‌ನಿಂದ, 60 ದಿನ ಮೊದಲು ಮಾತ್ರ ತೆರೆಯುತ್ತದೆ. ಏಪ್ರಿಲ್ ಕೊನೆಗೆ ಹೊರಡುವವರು ಫೆಬ್ರವರಿ ಕೊನೆಗೆ ಟಿಕೆಟ್ ಮಾಡಬೇಕು. ತೋಟದವರಿಗೆ ಅದು ಒಳ್ಳೆಯ ಹೊತ್ತು. ಕೊಯ್ಲು ಹೆಚ್ಚುಕಡಿಮೆ ಮುಗಿದಿರುತ್ತದೆ, ಆ ವರ್ಷ ಅಂಗಳದಲ್ಲಿ ಎಷ್ಟು ಅಡಿಕೆ ಬಿದ್ದಿದೆ ಅಂತ ಗೊತ್ತಿರುತ್ತದೆ. ಮದ್ದಿನ ಖರ್ಚು, ಮಕ್ಕಳ ಫೀಸು, ವಿಮೆಯ ಕಂತು ತೆಗೆದಿಟ್ಟು ನೋಡಿದರೆ ಸ್ಲೀಪರ್‌ನಲ್ಲೋ ತ್ರೀ ಟೈರ್ ಎಸಿಯಲ್ಲೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.